ಕಾಣದ ಪಂದ್ಯಕ್ಕೆ ಎರಡು ಅಂಕ

ನಮ್ಮ ಊರಿನಲ್ಲಿ ಸೋಮವಾರ ಬೆಳಿಗ್ಗೆ ಯಾರೂ ಹಾಲು ಕಾಯಿಸುವುದಿಲ್ಲ. ದೋಸೆ ಹುಯ್ಯುವುದಿಲ್ಲ, ಕ್ಷೌರ ಮಾಡಿಸಿಕೊಳ್ಳುವುದಿಲ್ಲ, ಮಕ್ಕಳ ಕಣ್ಣಿಗೆ ಕಾಡಿಗೆ ತೀಡುವುದಿಲ್ಲ. ಅಟ್ಟದ ಮೇಲಿನ ಪಾತ್ರೆಗಳನ್ನು ಭಾನುವಾರವೇ ಇಳಿಸಿ ನೆಲದ ಮೇಲೆ ಕವುಚಿ ಹಾಕಿರುತ್ತೇವೆ. ಬೆಳಿಗ್ಗೆ ಹತ್ತು ಗಂಟೆಗೆ ಚಾವಡಿಯ ಮೈಕಿನಲ್ಲಿ ಆ ವಾರದ ಪಟ್ಟಿ ಓದುತ್ತಾರೆ. ಓದಿದ ಹಾಗೆಲ್ಲ ಪೇಟೆಗಳು ಮೇಲಕ್ಕೋ ಕೆಳಕ್ಕೋ ಹೋಗುತ್ತವೆ. ಯಾವ ಪೇಟೆಯ ಕಾಲೇಜಿನ ಹುಡುಗ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಮೊದಲ ಸ್ಥಾನವೋ ಆ ಪೇಟೆ ಎಲ್ಲಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ. ಏಳನೆಯದು ತಳಕ್ಕೆ ಹೋಗುತ್ತದೆ. ಹೀಗೆ ಏಳು ಪೇಟೆ, ಏಳು ಕಾಲೇಜು, ಏಳು ಎತ್ತರ.

ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಒಂದೆರಡು ಸೋಮವಾರ ಕಂಬ ತಬ್ಬಿಕೊಂಡು ಕೂರುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಮೇಲಿನ ಪೇಟೆಯಲ್ಲಿ ಹಪ್ಪಳ ಬೇಗ ಒಣಗುತ್ತದೆ, ಗಾಳಿಯೂ ಚೆನ್ನಾಗಿ ಬರುತ್ತದೆ, ಆದರೆ ನೀರು ಹೊರುವಷ್ಟರಲ್ಲಿ ಸೊಂಟ ಬೀಳುತ್ತದೆ. ಕೆಳಗಿನ ಪೇಟೆಯಲ್ಲಿ ನಲ್ಲಿ ಬಿಟ್ಟರೆ ಸಾಕು, ಕೊಡ ತುಂಬಿ ಹರಿಯುತ್ತದೆ, ಆದರೆ ಬಟ್ಟೆ ಒಣಗುವುದಿಲ್ಲ. ನನ್ನ ಗಂಡ ಪರಮೇಶಿಯದು ಏಣಿ ಮಾಡುವ ಕೆಲಸ. ಒಂದು ಪೇಟೆಯಿಂದ ಇನ್ನೊಂದಕ್ಕೆ ಹೋಗಲು ಈ ವಾರ ಇದ್ದ ಏಣಿ ಮುಂದಿನ ವಾರ ಸಾಲುವುದಿಲ್ಲವಾದ್ದರಿಂದ ಅವನ ಕೈಗೆ ಬಿಡುವಿರಲಿಲ್ಲ. ಗಂಡು ನೋಡಲು ಬಂದವರೂ ಹುಡುಗ ಯಾವ ಪೇಟೆಯವನು ಎಂದು ಕೇಳುವುದಿಲ್ಲ, ಈಗ ಎಷ್ಟನೆಯದರಲ್ಲಿದ್ದಾನೆ ಎಂದು ಕೇಳುತ್ತಾರೆ.

ಈ ಪಟ್ಟಿ ಮಾಡುವವರು ಊರಿನ ಐದು ಪತ್ರಿಕೆಗಳಲ್ಲಿ ಕ್ರೀಡೆ ಬರೆಯುವ ಐದು ಜನ. ಅವರಲ್ಲಿ ನಾನೂ ಒಬ್ಬಳು. ಹೆಸರು ಚಂಪಕಮಾಲೆ, ಊರಿಗೆಲ್ಲ ಚಂಪಕ್ಕ. ನನಗೆ ಬಾಯಿ ಜೋರು ಅನ್ನುತ್ತಾರೆ, ಅನ್ನಲಿ. ಗೆದ್ದವರು ಮೇಲೆ, ಸೋತವರು ಕೆಳಗೆ ಅಂತಿದ್ದರೆ ನಾವು ಯಾಕೆ ಬೇಕಿತ್ತು? ಎಲ್ಲರೂ ಎಲ್ಲರ ಜೊತೆ ಆಡುವಷ್ಟು ಶನಿವಾರಗಳು ಒಂದು ಋತುವಿನಲ್ಲಿ ಇರುವುದಿಲ್ಲ. ದುರ್ಬಲರ ಮೇಲೆ ಗೆದ್ದು ಬೀಗುವವರಿದ್ದಾರೆ, ಬಲವಂತರ ಎದುರು ಒಂದೇ ಗೋಲಿನಿಂದ ಸೋತು ತಲೆ ಎತ್ತಿಕೊಂಡು ಬರುವವರೂ ಇದ್ದಾರೆ. ಇದನ್ನೆಲ್ಲ ಯಾರೋ ನೋಡಬೇಕು, ತೂಗಬೇಕು, ಬೈಸಿಕೊಳ್ಳಬೇಕು. ಮೊದಲನೆಯವರಿಗೆ ಏಳು ಅಂಕ, ಎರಡನೆಯವರಿಗೆ ಆರು, ಹೀಗೆ ಇಳಿಯುತ್ತ ಕೊನೆಯವರಿಗೆ ಒಂದು. ಐವರ ಅಂಕ ಕೂಡಿಸಿದರೆ ಪಟ್ಟಿ ಸಿದ್ಧ. ಅಂಕ ಸಮ ಬಂದರೆ ಅವರಿಬ್ಬರ ನಡುವೆ ಕಡೆಯ ಸಲ ಗೆದ್ದವರು ಮೇಲೆ.

ನಮಗೆ ಕಟ್ಟುಪಾಡುಗಳು ಬಹಳ. ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಹತ್ತರವರೆಗೆ ನಾವು ಐವರೂ ಒಬ್ಬರೊಡನೊಬ್ಬರು ಮಾತಾಡುವ ಹಾಗಿಲ್ಲ, ಒಳಒಪ್ಪಂದ ಆಗಬಾರದಲ್ಲ, ಅದಕ್ಕೆ. ಯಾವ ಮೈದಾನಕ್ಕೆ ಹೋಗುತ್ತೇವೆ ಎಂದು ಯಾರಿಗೂ ಹೇಳುವ ಹಾಗಿಲ್ಲ. ಗುರುತು ಸಿಕ್ಕರೆ ಜನ ಕೋಡುಬಳೆ, ಕಬ್ಬಿನಹಾಲು ಅಂತ ಮುತ್ತಿಕೊಳ್ಳುತ್ತಾರೆ ಎಂದು ವೇಷ ಮರೆಸಿಕೊಂಡೇ ಹೋಗಬೇಕು. ನಮ್ಮಲ್ಲಿ ಹಿರಿಯರಾದ ಬಸಲಿಂಗಯ್ಯನವರು ಬಿಸಿಲಲ್ಲೂ ಕಂಬಳಿ ಹೊದ್ದು ಕೂರುತ್ತಾರೆ. ಫೆಲಿಕ್ಸ್ ಪಿಂಟೊ ಮೀಸೆ ಅಂಟಿಸಿಕೊಳ್ಳುತ್ತಾನೆ, ಗೋಲಾದಾಗ ಕೂಗಿ ಅದನ್ನು ಬೀಳಿಸಿಕೊಳ್ಳುತ್ತಾನೆ. ನಾನು ಸೆರಗು ಮುಖದ ಮೇಲೆಳೆದುಕೊಂಡು ಕಡಲೆಕಾಯಿ ಮಾರುವವರ ಪಕ್ಕ ಕೂರುತ್ತೇನೆ. ಎಲ್ಲಕ್ಕಿಂತ ದೊಡ್ಡ ಕಟ್ಟು ಎಂದರೆ, ಆಟವನ್ನು ಕಣ್ಣಾರೆ ಕಂಡವರು ಐವರಲ್ಲಿ ಒಬ್ಬರಾದರೂ ಇರಬೇಕು. ಹಿಂದೊಮ್ಮೆ ಯಾರೂ ಕಾಣದ ಪಂದ್ಯಕ್ಕೆ ಅಂಕ ಹಾಕಿ ಓದಿಬಿಟ್ಟಿದ್ದರು. ಗಡಿಯಾರ ಪೇಟೆ ಅರ್ಧ ಏರಿ ಹಾಗೇ ವಾಲಿಕೊಂಡು ನಿಂತಿತು. ಆ ವಾರವೆಲ್ಲ ಅಲ್ಲಿಯ ಜನ ಮಂಚಕ್ಕೆ ಹಗ್ಗ ಕಟ್ಟಿಕೊಂಡು ಮಲಗಿದರು.

ಇನ್ನೊಂದು ಕಟ್ಟು ನನ್ನ ಹಣೆಗೇ ಬಂದದ್ದು. ನಾವಿರುವುದು ಸುಣ್ಣದ ಪೇಟೆ. ನನ್ನ ಮಗಳು ವೈಜಯಂತಿ, ನಮ್ಮ ವೈಜು, ಸುಣ್ಣದ ಪೇಟೆ ಕಾಲೇಜಿನ ಗೋಲ್‌ಕೀಪರ್. ಸ್ವಂತ ರಕ್ತ ಆಡುವ ಪಂದ್ಯವನ್ನು ಬರೆಯುವವರು ನೋಡಬಾರದು, ಆ ಪಂದ್ಯದ ಎರಡು ತಂಡಗಳಿಗೂ ಅಂಕ ಕೊಡಬಾರದು, ಮನೆಯಲ್ಲಿ ಆ ಆಟದ ಮಾತೂ ಎತ್ತಬಾರದು. ಅವಳು ಕಾಲೇಜಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಊರಿನ ಅಷ್ಟೂ ಗೋಲ್‌ಕೀಪರುಗಳ ಕೈ ಕಾಲು ಬಲ್ಲ ನಾನು ನನ್ನ ಮಗಳು ಒಂದು ಚೆಂಡು ಹಿಡಿದದ್ದನ್ನು ಕಂಡಿರಲಿಲ್ಲ.

ಆ ವರ್ಷದ ಕೊನೆಯ ಪಟ್ಟಿ ಹತ್ತಿರ ಬಂತು. ಕೊನೆಯ ಪಟ್ಟಿ ಎಂದರೆ ಮಿಕ್ಕ ಪಟ್ಟಿಗಳ ಹಾಗಲ್ಲ. ಅದಾದ ಮೇಲೆ ಮಳೆಗಾಲ ಶುರು, ಆಟ ಬಂದ್. ಅವತ್ತು ನಿಂತ ಎತ್ತರದಲ್ಲೇ ಪೇಟೆಗಳು ಮಳೆಗಾಲ ಪೂರ್ತಿ ನಿಲ್ಲುತ್ತವೆ. ಊರಿನಷ್ಟೂ ನೀರು ಏಳನೆಯದಕ್ಕೆ ಇಳಿಯುತ್ತದೆ, ಬಾಗಿಲ ಮೇಲ್ಪಟ್ಟಿ ಮುಳುಗುವವರೆಗೆ. ಏಳನೆಯ ಪೇಟೆಯವರು ಪಾತ್ರೆ ಪಡಗ ಕಟ್ಟಿಕೊಂಡು ಬೇರೆ ಪೇಟೆಯ ನೆಂಟರ ಮನೆ ಸೇರಬೇಕು. ನಾವು ಮೂರು ಮಳೆಗಾಲ ಹಾಗೆ ಸೇರಿದ್ದೆವು. ನಮ್ಮ ಅತ್ತೆ ಮಾದೇವಮ್ಮನವರು ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟರು: "ನನ್ನ ನಾದಿನಿ ಮನೆ ಜಗಲಿ ಮೇಲೆ ಇನ್ನೊಂದು ಮಳೆಗಾಲ ಕೂರಾಕಿಲ್ಲ ಕಣೇ. ನೀರು ಬಂದ್ರೆ ಬರ್ಲಿ, ಇಲ್ಲೇ ಮುಳುಗ್ತೀನಿ." ಅವರು ಹೇಳಿದರೆ ಹೇಳಿದ ಹಾಗೆ ಮಾಡುವವರೇ.

ಆರನೆಯದರಲ್ಲಿ ನೂಲಿನ ಪೇಟೆ ಇತ್ತು, ಏಳನೆಯದರಲ್ಲಿ ನಾವು. ಕೊನೆಯ ಶನಿವಾರ ಇವೆರಡರದೇ ಪಂದ್ಯ. ಗೆದ್ದರೆ ನಾವು ಮೇಲೆ, ಅವರು ನೀರಿಗೆ. ಆದರೆ ಅದೇ ಹೊತ್ತಿಗೆ ಇನ್ನೊಂದು ಮೈದಾನದಲ್ಲಿ ಕಮಾನು ಪೇಟೆಗೂ ಗಡಿಯಾರ ಪೇಟೆಗೂ ಪಂದ್ಯ. ಎರಡೂ ಆ ವರ್ಷ ಸೋತೇ ಇರಲಿಲ್ಲ. ಊರೆಲ್ಲ ಅದರದೇ ಮಾತು. ನನಗಂತೂ ಮಗಳ ಪಂದ್ಯಕ್ಕೆ ಹೋಗುವ ಹಾಗಿರಲಿಲ್ಲ, ಕಡಲೆಕಾಯಿ ಮಾರುವವರ ಪಕ್ಕ ಹೋಗಿ ಕುಳಿತೆ. ಅಂಥ ಆಟ ನಾನು ಇನ್ನೊಂದು ನೋಡಿಲ್ಲ. ಕಮಾನಿನವರು ಎರಡು ಗೋಲು ಹೊಡೆದರು, ಗಡಿಯಾರದವರು ಎರಡೂ ತೀರಿಸಿದರು, ಸೀಟಿ ಊದುವ ಗಳಿಗೆಗೆ ಕಮಾನಿನ ಹುಡುಗಿಯೊಬ್ಬಳು ಅಡ್ಡ ಬಂದ ಚೆಂಡನ್ನು ಹಾರಿ ತಲೆಯಿಂದ ಹೊಡೆದಳು. ಬಲೆ ಅಲ್ಲಾಡಿತು. ನಾನು ಸೆರಗು ಗಿರಗು ಮರೆತು ಎದ್ದು ನಿಂತು ಅರಚಿದೆ. ಕಡಲೆಕಾಯಿಯವಳು ಕೈ ಹಿಡಿದು ಜಗ್ಗಿ ಕೂರಿಸಿದಳು.

ಮನೆಗೆ ಬಂದರೆ ವೈಜು ಜಗಲಿಯ ಮೇಲೆ ಕುಳಿತು ಬೆರಳುಗಳಿಗೆ ಅರಿಸಿನ ಮೆತ್ತಿಕೊಳ್ಳುತ್ತಿದ್ದಳು. ಒಂದು ಕೆನ್ನೆ ಊದಿತ್ತು. ಗೋಲಿಲ್ಲದೆ ಸಮವಾಯಿತು ಎನ್ನುವಷ್ಟು ಮಾತ್ರ ದಾರಿಯಲ್ಲಿ ಕಿವಿಗೆ ಬಿದ್ದಿತ್ತು. ಯಾರು ಹೇಗೆ ಆಡಿದರು, ಕೆನ್ನೆಗೆ ಏನಾಯಿತು, ಬೆರಳಿಗೆ ಏನಾಯಿತು, ನಾಲಿಗೆಯ ತುದಿಯವರೆಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಒಳಗೆ ಅತ್ತೆ ಮತ್ತು ಪರಮೇಶಿ ಗುಸುಗುಸು ಮಾತಾಡುತ್ತಿದ್ದವರು ನನ್ನ ಹೆಜ್ಜೆ ಕೇಳಿ ಸುಮ್ಮನಾದರು.

"ಊಟಕ್ಕೆ ಏನ್ ಮಾಡ್ಲೇ?" ಎಂದೆ.

"ಏನಾದ್ರೂ ಮಾಡಮ್ಮ. ಕಲಸಿಕೊಡು, ಬೆರಳು ಬಗ್ಗಲ್ಲ," ಎಂದಳು.

ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟೆ. ಅಗಿಯುತ್ತ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಏನೋ ಮಿನುಗುತ್ತಿತ್ತು, ಹೇಳಬೇಕೆಂದು ಒದ್ದಾಡುತ್ತಿದ್ದಳು, ನಾನು ಕೇಳಬೇಕೆಂದು ಒದ್ದಾಡುತ್ತಿದ್ದೆ. ಇಬ್ಬರೂ ಹುಳಿ ಚೆನ್ನಾಗಿದೆ ಎಂದು ಮಾತಾಡಿಕೊಂಡೆವು.

ಭಾನುವಾರ ಮಿಕ್ಕ ನಾಲ್ಕು ಪತ್ರಿಕೆ ತರಿಸಿ ಕಾಲು ಚಾಚಿ ಕುಳಿತೆ. ಕಮಾನು ಪೇಟೆಯ ಪಂದ್ಯಕ್ಕೆ ಎಲ್ಲರೂ ಪುಟಗಟ್ಟಲೆ ಬರೆದಿದ್ದರು. ಸುಣ್ಣ ಮತ್ತು ನೂಲಿನ ಪಂದ್ಯಕ್ಕೆ ಕೆಳಗೆ ಎರಡೆರಡು ಸಾಲು. ಬಸಲಿಂಗಯ್ಯನವರು "ಉಭಯ ತಂಡಗಳೂ ತೀವ್ರ ಪೈಪೋಟಿ ನೀಡಿದವು" ಎಂದು ಬರೆದಿದ್ದರು. ಫೆಲಿಕ್ಸ್ ಬರೆದದ್ದೂ ತೀವ್ರ ಪೈಪೋಟಿಯೇ. ಮೂರನೆಯ ಪತ್ರಿಕೆಯ ನಾಗೇಶಯ್ಯನೂ, ಅವನು ಅಂದದ್ದಕ್ಕೆಲ್ಲ ಹೂಂಗುಡುವ ನಾಲ್ಕನೆಯ ಪತ್ರಿಕೆಯ ಕೃಷ್ಣೋಜಿಯೂ ತೀವ್ರ ಪೈಪೋಟಿಯನ್ನೇ ಕಂಡಿದ್ದರು. ಕಾಲು ಮಡಿಚಿ ನೆಟ್ಟಗೆ ಕುಳಿತೆ. ನಾನೂ ಇದೇ ಕಸುಬಿನವಳು. ತೀವ್ರ ಪೈಪೋಟಿ ಎಂದು ಯಾವಾಗ ಬರೆಯುತ್ತಾರೆ ಎಂದು ನನಗೆ ಗೊತ್ತು. ಆಟ ನೋಡಿದವನು ಚೆಂಡು ಕಂಬಕ್ಕೆ ಬಡಿಯಿತು ಎಂದು ಬರೆಯುತ್ತಾನೆ, ಹುಡುಗ ಕೆಸರಲ್ಲಿ ಜಾರಿದ ಎಂದು ಬರೆಯುತ್ತಾನೆ. ನೋಡದವನು ತೀವ್ರ ಪೈಪೋಟಿ ಎಂದು ಬರೆಯುತ್ತಾನೆ. ಇನ್ಯಾರಾದರೂ ಹೋಗಿರುತ್ತಾರೆ ಎಂದುಕೊಂಡು ನಾಲ್ಕೂ ಜನ ನನ್ನ ಹಾಗೆ ಮುಸುಕು ಹಾಕಿಕೊಂಡು ಕಮಾನು ಪೇಟೆಯ ಪಂದ್ಯಕ್ಕೇ ಹೋಗಿದ್ದರು. ಕೇಳೋಣ ಎಂದರೆ ಸೋಮವಾರದವರೆಗೆ ಬಾಯಿಗೆ ಬೀಗ. ಕೈ ಕೈ ಹಿಸುಕಿಕೊಂಡು ಕೂತೆ.

ಸೋಮವಾರ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಚಾವಡಿ ಇರುವ ನಡುದಿಬ್ಬವೊಂದು ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮನೆ ಕಾಯಲು ಒಬ್ಬೊಬ್ಬರನ್ನು ಬಿಟ್ಟು ಏಳೂ ಪೇಟೆಯ ಜನ ಅಲ್ಲಿಗೆ ಬಂದಿದ್ದರು. ನಮ್ಮ ಅತ್ತೆಯನ್ನು ಪರಮೇಶಿ ಹೊತ್ತುಕೊಂಡು ಬಂದಿದ್ದ. ಸಾರುವ ಕೆಲಸದ ಹೊನ್ನಪ್ಪ ಮೈಕಿಗೆ ಉಫ್ ಉಫ್ ಎಂದು ಊದಿದ. ನಾವು ಐವರೂ ಅಂಕ ಹೇಳಿದೆವು. ಮೊದಲ ಐದು ಸ್ಥಾನಕ್ಕೆ ಏನೂ ತಕರಾರಿರಲಿಲ್ಲ. ಕಮಾನು ಪೇಟೆ ಎಂದು ಓದುತ್ತಲೇ ಬಲಗಡೆ ಆ ಪೇಟೆಗೆ ಪೇಟೆಯೇ ಮನೆ, ತೆಂಗಿನಮರಗಳ ಸಮೇತ ಗುಡುಗುಡು ಎಂದು ಏರಿತು. ಅಲ್ಲಿಯ ಜನ ಶಿಳ್ಳೆ ಹಾಕಿದರು. ಗಡಿಯಾರ ಪೇಟೆ ಒಂದು ಮೆಟ್ಟಿಲು ಇಳಿಯಿತು. ಹೀಗೆ ಐದೂ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು.

ಉಳಿದದ್ದು ಎರಡು. ನಾನು ಕಟ್ಟುಪಾಡಿನಂತೆ ಸುಮ್ಮನಿರಬೇಕು, ಮಿಕ್ಕ ನಾಲ್ವರು ಒಂದಕ್ಕೆ ಎರಡು ಅಂಕ, ಇನ್ನೊಂದಕ್ಕೆ ಒಂದು ಅಂಕ ಹೇಳಬೇಕು. ಬಸಲಿಂಗಯ್ಯನವರು ಗಂಟಲು ಸರಿ ಮಾಡಿಕೊಂಡರು. "ಸಮವಾದ ಪಂದ್ಯ. ಹಾಗಾಗಿ ಹೋದ ವಾರದ ಹಾಗೇ ಇರಲಿ. ನೂಲಿಗೆ ಎರಡು, ಸುಣ್ಣಕ್ಕೆ ಒಂದು," ಎಂದರು. ನನ್ನ ತಲೆ ಕೆಟ್ಟಿತು. ಅಂಕ ಕೊಡಬಾರದೆಂದು ಕಟ್ಟು ಇದೆ, ಪ್ರಶ್ನೆ ಕೇಳಬಾರದೆಂದು ಇಲ್ಲ.

"ಸ್ವಾಮಿ, ಒಂದ್ ಮಾತು," ಎಂದೆ. "ಸುಣ್ಣದ ಪೇಟೆ ಗೋಲ್‌ಕೀಪರ್ ಕೆನ್ನೆ ಊದಿದೆಯಲ್ಲ, ಚೆಂಡು ಬಡಿದದ್ದೋ, ಮೊಣಕೈ ಬಡಿದದ್ದೋ?"

ಬಸಲಿಂಗಯ್ಯನವರು ಕೃಷ್ಣೋಜಿಯ ಮುಖ ನೋಡಿದರು. ಕೃಷ್ಣೋಜಿ ನಾಗೇಶಯ್ಯನ ಮುಖ ನೋಡಿದ. "ಮೊಣಕೈ," ಎಂದ ಫೆಲಿಕ್ಸ್. ಅದೇ ಗಳಿಗೆಗೆ ನಾಗೇಶಯ್ಯ "ಕಂಬ" ಎಂದ. ಜನ ಘೊಳ್ ಎಂದು ನಕ್ಕರು, ಮರುಕ್ಷಣ ವಿಷಯ ಅರ್ಥವಾಗಿ ನಗು ನಿಂತಿತು. ಬಸಲಿಂಗಯ್ಯನವರು ಒಳ್ಳೆಯ ಮನುಷ್ಯ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಮೈಕಿನ ಮುಂದೆಯೇ, "ನಾನು ಕಮಾನಿನ ಪಂದ್ಯಕ್ಕೆ ಹೋಗಿದ್ದೆ. ಇಲ್ಲಿಗೆ ಫೆಲಿಕ್ಸ್ ಹೋಗಿರ್ತಾನೆ ಅಂದ್ಕೊಂಡೆ," ಎಂದುಬಿಟ್ಟರು. ಫೆಲಿಕ್ಸ್ ನಾಗೇಶಯ್ಯ ಹೋಗಿರುತ್ತಾನೆ ಎಂದುಕೊಂಡಿದ್ದ. ನಾಗೇಶಯ್ಯ ಬಸಲಿಂಗಯ್ಯನವರು ಹೋಗಿರುತ್ತಾರೆ ಎಂದುಕೊಂಡಿದ್ದ. ಕೃಷ್ಣೋಜಿ ಏನೂ ಅಂದುಕೊಂಡಿರಲಿಲ್ಲ.

ಗದ್ದಲವೋ ಗದ್ದಲ. ವಾಲಿದ ಪೇಟೆಯಲ್ಲಿ ಮಳೆಗಾಲ ಕಳೆಯಲು ಯಾರು ತಯಾರಿದ್ದಾರೆ? ನಮ್ಮ ಪೇಟೆಯವರು ನಾವು ಕಂಡಿದ್ದೇವೆ, ನಾವು ಹೇಳುತ್ತೇವೆ ಎಂದರು. ನೂಲಿನವರು ನಾವೇನು ಕುರುಡರೇ ಎಂದರು. ಬಸಲಿಂಗಯ್ಯನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ತಮ್ಮವರ ಬಗ್ಗೆ ಯಾರೂ ಮಾತಾಡಬೇಡಿ. ಎದುರಿಗೆ ಆಡಿದವರ ಬಗ್ಗೆ ಮಾತ್ರ ಹೇಳಿ. ಸುಣ್ಣದವರ ಆಟ ನೂಲಿನವರು ಹೇಳಲಿ, ನೂಲಿನವರದು ಸುಣ್ಣದವರು. ಪೇಟೆಗೊಬ್ಬರು ಸಾಕು," ಎಂದರು.

ನೂಲಿನ ಪೇಟೆಯಿಂದ ದಸ್ತಗೀರ್ ಮುಂದೆ ಬಂದ. ಅವರ ತಂಡದ ಮುಂಚೂಣಿ ಆಟಗಾರ, ಗೋಲು ಹೊಡೆಯುವವನು. ಬಲಗೈಯನ್ನು ಬಟ್ಟೆಯಿಂದ ಕುತ್ತಿಗೆಗೆ ಕಟ್ಟಿಕೊಂಡಿದ್ದ. ಮೈಕ್ ಕಂಡು ಮೊದಲು ಸ್ವಲ್ಪ ತಡವರಿಸಿದ.

"ಸಾರ್, ಸುಳ್ಳು ಹೇಳಲ್ಲ. ಶುರುವಲ್ಲೇ ನಾನು ಎಡಗಾಲಲ್ಲಿ ಮೂಲೆಗೆ ಹೊಡೆದೆ. ಗೋಲು ಅಂತ ತಿರುಗಿ ಓಡೋಕೂ ಶುರು ಮಾಡಿದ್ದೆ. ಈ ಹುಡುಗಿ ಬೆರಳ ತುದೀಲಿ ತಳ್ಳಿದಳು."

"ಸಾಕು, ಇಳಿಯೋ ದಸ್ತಗೀರಾ," ಎಂದು ನೂಲಿನ ಪೇಟೆಯ ಕಡೆಯಿಂದ ಯಾರೋ ಕೂಗಿದರು.

"ಇರಿ ಚಾಚಾ, ಕೇಳಿದಾರೆ, ಹೇಳ್ತಿದೀನಿ. ಆಮೇಲೆ ಕಾರ್ನರ್. ಹೆಡ್ ಮಾಡಿದೆ, ಮೊಣಕಾಲಲ್ಲಿ ತಡೆದಳು. ಎರಡನೇ ಭಾಗದಲ್ಲಿ ನಮಗೆ ಪೆನಾಲ್ಟಿ ಸಿಕ್ತು. ಇವಳು ಯಾವಾಗಲೂ ಬಲಕ್ಕೆ ಬೀಳ್ತಾಳೆ ಸಾರ್, ಬೇರೆಯವರ ಜೊತೆ ಆಡೋದನ್ನ ನಾಲ್ಕು ವರ್ಷದಿಂದ ನೋಡಿದೀನಿ. ಎಡಕ್ಕೆ ಹೊಡೆದೆ. ಎಡಕ್ಕೇ ಬಿದ್ದಳು. ಚೆಂಡು ವಾಪಸ್ ಬಂತು, ಜೋರಾಗಿ ಒದ್ದೆ. ಮುಖ ಕೊಟ್ಟಳು. ಬಿದ್ದಳು, ಎದ್ದಳು, ಬಾಯಲ್ಲಿದ್ದ ಮಣ್ಣು ಉಗಿದು 'ಇನ್ನೊಂದು ಹೊಡಿ' ಅಂದಳು." ದಸ್ತಗೀರ್ ನಕ್ಕ. "ನಂಗೆ ಹೊಡೆಯೋಕೇ ಮನಸ್ಸು ಬರ್ಲಿಲ್ಲ."

ಆಗ ನನಗೇನಾಯಿತು ಎಂದು ಹೇಗೆ ಹೇಳಲಿ? ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೆ. ಮುಖದ ಮೇಲೆ ಏನೂ ತೋರಬಾರದು, ನಾನು ಬರೆಯುವವಳು, ಚಾವಡಿಯ ಮೇಲೆ ಕುಳಿತವಳು. ಕುರ್ಚಿಯ ಕೈ ಹಿಡಿದುಕೊಂಡು ಹಲ್ಲು ಕಚ್ಚಿ ಕುಳಿತೆ. ಕಣ್ಣಿನಿಂದ ನೀರು ತಾನಾಗಿ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ. ಅತ್ತೆ ಪರಮೇಶಿಯ ಹೆಗಲ ಮೇಲಿಂದ ನನ್ನ ಮೊಮ್ಮಗಳು, ನನ್ನ ಮೊಮ್ಮಗಳು ಎಂದು ಅಕ್ಕಪಕ್ಕದವರ ತಲೆ ತಟ್ಟುತ್ತಿದ್ದರು. ನಮ್ಮ ಪೇಟೆ ಗೆದ್ದೇಬಿಟ್ಟಿತು ಎಂದುಕೊಂಡೆ. ಮನಸ್ಸಿನಲ್ಲಿ ಆಗಲೇ ಅತ್ತೆಯ ಮಂಚವನ್ನು ಅದರ ಜಾಗದಲ್ಲಿ ಹಾಕಿಯೂ ಆಗಿತ್ತು.

ಆಮೇಲೆ ವೈಜು ಮೈಕಿನ ಮುಂದೆ ಬಂದಳು. ನನ್ನ ಕಡೆ ನೋಡಲಿಲ್ಲ.

"ಇವನು ಹೇಳಿದ್ದು ನಿಜ. ಆದ್ರೆ ಕೊನೇದು ಹೇಳಲಿಲ್ಲ. ಆಟ ಮುಗಿಯೋ ಹೊತ್ತಿಗೆ ನಮ್ಮ ಹುಡುಗ ಒಬ್ಬನೇ ಚೆಂಡು ತಗೊಂಡು ಹೋದ. ಅವರ ಗೋಲ್‌ಕೀಪರ್ ಜಾರಿ ಬಿದ್ದಿದ್ದ. ಗೋಲು ಖಾಲಿ. ನಮ್ಮವನು ಒದ್ದ. ಈ ದಸ್ತಗೀರ್ ನನ್ನ ಗೋಲಿನ ಮುಂದೆ ನಿಂತಿದ್ದವನು, ಮೈದಾನದ ಆ ತುದಿಗೆ ಅದು ಹೇಗೆ ಓಡಿದನೋ ನಂಗೊತ್ತಿಲ್ಲ. ಗೆರೆ ಮೇಲೆ ಹಾರಿ ಚೆಂಡಿಗೆ ಅಡ್ಡ ಬಿದ್ದ. ಹೋಗಿ ಕಂಬಕ್ಕೆ ಬಡಿದ. ಅದಕ್ಕೇ ಆ ಕೈ."

"ಕೈಯಲ್ಲಿ ಮುಟ್ಟಿದ ಅಂತ ಹೇಳೇ," ಎಂದು ಅತ್ತೆ ಕೂಗಿದರು. ನಮ್ಮ ಪೇಟೆಯ ಇನ್ನೂ ಹತ್ತಾರು ಜನ "ಕೈ, ಕೈ" ಎಂದು ದನಿಗೂಡಿಸಿದರು.

"ಕೈಯಲ್ಲಿ ಮುಟ್ಟಲಿಲ್ಲ ಅಜ್ಜಿ. ಎದೆಗೆ ಬಿತ್ತು. ನಾನು ನೋಡಿದೆ."

"ಮನೆಗೆ ಬಾ ನೀನು," ಎಂದರು ಅತ್ತೆ.

"ಬರ್ತೀನಿ. ಇನ್ನೊಂದು ಮಾತಿದೆ. ನಾವು ಆಟದ ತುಂಬ ಅವರ ಅರ್ಧಕ್ಕೆ ದಾಟಿದ್ದು ಅದೊಂದೇ ಸಲ. ಮಿಕ್ಕ ಹೊತ್ತೆಲ್ಲ ಅವರೇ ಆಡಿದ್ದು. ನಾನು ಬರೀ ತಡೆದೆ," ಎಂದು ಕೆಳಗಿಳಿದಳು. ನಮ್ಮ ಪೇಟೆಯವರು ತಲೆತಲೆ ಚಚ್ಚಿಕೊಂಡರು. ನೂಲಿನವರು ದಸ್ತಗೀರನನ್ನು ಬೈಯುವುದನ್ನು ನಿಲ್ಲಿಸಿ ವೈಜುವನ್ನು ಬಾಯಿತುಂಬ ಹೊಗಳತೊಡಗಿದರು. ನಮ್ಮವರು ನಾಚಿಕೆಯಿಲ್ಲದೆ ದಸ್ತಗೀರನೇ ಹುಡುಗನೆಂದರೆ ಹುಡುಗ ಎಂದರು.

ನಾಲ್ವರೂ ತಲೆ ತಗ್ಗಿಸಿ ಯೋಚಿಸಿದರು. ನನಗೆ ಅವರ ಸಂಕಟ ಗೊತ್ತಿತ್ತು. ಎದುರಾಳಿಗಳು ಇಷ್ಟೆಲ್ಲ ಹೊಡೆದರೂ ಒಂದೂ ಬಿಟ್ಟುಕೊಡದ ತಂಡ ಮೇಲೋ, ಆಟ ಪೂರ್ತಿ ತಾನೇ ಆಳಿ ಗೆಲ್ಲಲಾರದೆ ಹೋದ ತಂಡ ಮೇಲೋ? ಬಸಲಿಂಗಯ್ಯನವರು ಮೊದಲು ಹೇಳಿದ್ದನ್ನು ವಾಪಸು ತೆಗೆದುಕೊಂಡರು. "ಸುಣ್ಣಕ್ಕೆ ಎರಡು. ಗೋಲ್‌ಕೀಪರೂ ತಂಡದವಳೇ," ಎಂದರು. ಫೆಲಿಕ್ಸ್ ಮೀಸೆಯಿಲ್ಲದ ಮೂತಿ ಸವರಿಕೊಂಡು, "ನೂಲಿಗೆ ಎರಡು. ಒಬ್ಬಳಿಂದ ತಂಡ ಆಗಲ್ಲ," ಎಂದ. ನಾಗೇಶಯ್ಯ ಸುಣ್ಣ ಎಂದ. ನಮ್ಮವರು ಕುಣಿಯತೊಡಗಿದರು, ಯಾಕೆಂದರೆ ಮುಂದಿನವನು ಕೃಷ್ಣೋಜಿ. ಅವನು ಹುಟ್ಟಿದಾಗಿನಿಂದ ನಾಗೇಶಯ್ಯ ಹೇಳಿದ್ದಕ್ಕೆ ಎದುರಾಡಿದವನಲ್ಲ. ಕೃಷ್ಣೋಜಿ ಎದ್ದು ನಿಂತ. ಮೈಕ್ ಹಿಡಿದ. ಬೆವರುತ್ತಿದ್ದ.

"ನೂಲಿಗೆ ಎರಡು," ಎಂದ.

ನಾಗೇಶಯ್ಯ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡಿದ. ಹೊನ್ನಪ್ಪ ಬೆರಳು ಮಡಿಚಿ ಕೂಡಿಸಿದ. ಇವರಿಗೂ ಆರು, ಅವರಿಗೂ ಆರು. ಅಂಕ ಸಮ ಬಂದರೆ ಕಡೆಯ ಸಲ ಗೆದ್ದವರು ಮೇಲೆ. ಇಲ್ಲಿ ಕಡೆಯ ಸಲ ಯಾರೂ ಗೆದ್ದಿರಲಿಲ್ಲ, ಅದಕ್ಕೂ ಮೊದಲು ಆ ಎರಡು ತಂಡಗಳು ಎದುರುಬದುರಾಗಿ ಆಡಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಜನರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಬಸಲಿಂಗಯ್ಯನವರು ನನ್ನ ಕುರ್ಚಿಯ ಹತ್ತಿರ ಬಗ್ಗಿ, "ಚಂಪಕ್ಕ, ಇವತ್ತೊಂದು ದಿನ ಕಟ್ಟು ಸಡಿಲಿಸೋಣ. ನಾವ್ಯಾರೂ ಏನೂ ಅನ್ನಲ್ಲ. ನೀನೂ ಎಲ್ಲರ ಹಾಗೇ ಕೇಳಿದ್ದೀಯ. ಒಂದು ಮಾತು ಹೇಳಿಬಿಡು, ಮುಗಿದುಹೋಗಲಿ," ಎಂದರು. ನೂಲಿನ ಪೇಟೆಯವರು ಕೂಡ ಬೇಡ ಎನ್ನಲಿಲ್ಲ. ಅವರ ಕಡೆ ಕೈಕೂಸು ಎತ್ತಿಕೊಂಡಿದ್ದ ಹೆಂಗಸೊಬ್ಬಳು ನನ್ನನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದಳು. ಈ ಕಡೆ ಅತ್ತೆ. ಸದಾ ಬೈಯುತ್ತಿದ್ದವರು ಎರಡೂ ಕೈ ಜೋಡಿಸಿದ್ದರು. ನಮ್ಮ ಅತ್ತೆ ನನಗೆ ಕೈ ಮುಗಿದದ್ದನ್ನು ನಾನು ಅವತ್ತೇ ಕಂಡದ್ದು.

ಸುಣ್ಣ ಎಂಬ ಮಾತು ಬಾಯಿಯಲ್ಲಿ ಇತ್ತು. ಒಂದೇ ಮಾತು. ನನ್ನ ಮಗಳು ಮುಖ ಕೊಟ್ಟು ತಡೆದದ್ದನ್ನು ಊರೆಲ್ಲ ಕೇಳಿ ಆಗಿದೆ, ಹೇಳಿದರೆ ತಪ್ಪೇನು ಎಂದು ಮನಸ್ಸು ಒಂದೇ ಸಮನೆ ಕೇಳುತ್ತಿತ್ತು. ವೈಜು ಎಲ್ಲಿದ್ದಾಳೆ ಎಂದು ನೋಡಿದೆ. ದಸ್ತಗೀರನ ಪಕ್ಕದಲ್ಲೇ ನಿಂತು ಅವನ ಕೈಗೆ ಕಟ್ಟಿದ್ದ ಬಟ್ಟೆಯ ಗಂಟು ಸರಿ ಮಾಡುತ್ತಿದ್ದಳು. ಬೆರಳು ಬಗ್ಗದೆ ಒದ್ದಾಡುತ್ತಿದ್ದಳು.

ಮೈಕ್ ತೆಗೆದುಕೊಂಡೆ. "ನಾನು ಕಂಡಿಲ್ಲ," ಎಂದೆ. "ನಾಲ್ಕು ವರ್ಷದಲ್ಲಿ ಒಂದು ಪಂದ್ಯವನ್ನೂ ಕಂಡಿಲ್ಲ. ಕಂಡಿದ್ರೆ ಯಾರಪ್ಪನಿಗೂ ಹೆದರದೆ ಹೇಳ್ತಿದ್ದೆ. ಕಾಣದೇ ಇರೋದಕ್ಕೆ ನನ್ನ ಹತ್ರ ಅಂಕ ಇಲ್ಲ."

ಬೈಗುಳ ಎಂದರೆ ಅವತ್ತಿನ ಬೈಗುಳ. ನಮ್ಮ ಪೇಟೆಯವರು ನನ್ನ ತವರನ್ನೂ ಬಿಡಲಿಲ್ಲ. ಅತ್ತೆ ಕೈ ಇಳಿಸಿ ಮುಖ ತಿರುಗಿಸಿಕೊಂಡರು. ಆದರೂ ಹೇಳುತ್ತೇನೆ, ಆ ಗಳಿಗೆಯಲ್ಲಿ ಎಂದೂ ಇಲ್ಲದ ಖುಷಿಯಾಯಿತು. ಯಾಕೆಂದು ಕೇಳಬೇಡಿ.

ಹೊನ್ನಪ್ಪನಿಗೆ ಹೇಗೆ ಓದಬೇಕೆಂದೇ ತಿಳಿಯಲಿಲ್ಲ. ಬಸಲಿಂಗಯ್ಯನವರು ಎರಡನ್ನೂ ಒಂದೇ ಉಸಿರಿಗೆ ಓದಿಬಿಡು ಎಂದರು. ಅವನು ಉಸಿರೆಳೆದುಕೊಂಡು ಸುಣ್ಣದ ಪೇಟೆ ನೂಲಿನ ಪೇಟೆ ಎಂದ. ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ ಗುಡುಗುಡು ಶುರುವಾಯಿತು. ಸುಣ್ಣದ ಪೇಟೆ ನಿಧಾನವಾಗಿ ಏರಿತು. ನೂಲಿನ ಪೇಟೆ ನಿಧಾನವಾಗಿ ಇಳಿಯಿತು. ಒಂದರ ಚಾವಣಿ ಇನ್ನೊಂದರ ಕಿಟಕಿಗೆ ಬಂತು, ಕಿಟಕಿ ಬಾಗಿಲಿಗೆ ಬಂತು, ಬಾಗಿಲು ಹೊಸ್ತಿಲಿಗೆ ಬಂತು. ಎರಡೂ ಪೇಟೆಗಳ ಅಂಚು ಕೂಡಿ ಟಕ್ಕೆಂದು ನಿಂತವು. ಆರನೆಯದೂ ಅಲ್ಲ, ಏಳನೆಯದೂ ಅಲ್ಲ, ಎರಡರ ನಡುವಿನ ಎತ್ತರ. ಪರಮೇಶಿ ಅಲ್ಲಿ ಕಟ್ಟಿದ್ದ ಏಣಿ ನೆಲದ ಮೇಲೆ ಅಂಗಾತ ಬಿತ್ತು. ಆ ಕಡೆಯ ನಾಯಿಯೊಂದು ಈ ಕಡೆಗೆ ನಡೆದುಕೊಂಡು ಬಂದು ನಮ್ಮ ಮನೆಯ ಮುಂದೆ ಮೂಸಿತು.

ಮಳೆ ಹಿಡಿಯಿತು. ಊರಿನ ನೀರೆಲ್ಲ ನಮ್ಮಲ್ಲಿಗೂ ಬಂತು, ಅವರಲ್ಲಿಗೂ ಬಂತು. ಒಂದು ಪೇಟೆಯಲ್ಲಿ ಬಾಗಿಲು ಮುಳುಗಿಸುತ್ತಿದ್ದ ನೀರು ಎರಡರಲ್ಲಿ ಹರಡಿ ಮೊಣಕಾಲಿನ ಕೆಳಗೇ ನಿಂತಿತು. ಯಾರೂ ಮನೆ ಬಿಡಲಿಲ್ಲ. ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟೆವು, ಒಲೆಯನ್ನು ಮೇಜಿನ ಮೇಲೇರಿಸಿದೆವು. ನಮ್ಮ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದವರು, ಒಂದು ದಿನ ಮಂಚದಿಂದ ಕಾಲು ಇಳಿಬಿಟ್ಟು ನೀರಲ್ಲಿ ಆಡಿಸುತ್ತ, "ಬೆಚ್ಚಗದೆ ಕಣೇ," ಎಂದರು. ಸಿಟ್ಟು ಅಲ್ಲಿಗೆ ಮುಗಿಯಿತು.

ಎರಡು ಪೇಟೆಗಳ ಅಂಚು ಕೂಡಿದ ಕಡೆ ಅಗಲವಾದ ಬಯಲಾಗಿತ್ತು. ಒಂದು ಮಧ್ಯಾಹ್ನ ಮಳೆ ಬಿಟ್ಟಿತ್ತು. ಎರಡೂ ತಂಡದವರು ಆ ನೀರಿನಲ್ಲೇ ಬಿದಿರು ನೆಟ್ಟು ಗೋಲು ಮಾಡ್ತಿದ್ದಾರೆ ಎಂದು ಪರಮೇಶಿ ಬಂದು ಹೇಳಿದ. ನಾನು ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ. ಋತು ಮುಗಿದಿತ್ತು, ಪಟ್ಟಿ ಇಲ್ಲ, ಅಂಕ ಇಲ್ಲ, ಯಾವ ಕಟ್ಟೂ ಇಲ್ಲ. ಸೆರಗು ತಲೆಯ ಮೇಲೆ ಎಳೆದುಕೊಳ್ಳಲೂ ಇಲ್ಲ. ಎಲ್ಲರ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಗೋಲಿನ ಪಕ್ಕದಲ್ಲೇ ಹೋಗಿ ನಿಂತೆ. ಬಿದಿರುಗಳ ನಡುವೆ ನನ್ನ ಮಗಳು ಮೊಣಕಾಲು ಬಗ್ಗಿಸಿ, ಕೈ ಚಾಚಿ ನಿಂತಿದ್ದಳು. ಅವಳು ಹಾಗೆ ನಿಲ್ಲುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

ದಸ್ತಗೀರ್ ಚೆಂಡು ಒದ್ದ. ನೀರಿನಲ್ಲಿ ಚೆಂಡಿಗೆ ವೇಗವೆಲ್ಲಿ ಬರಬೇಕು? ತೇಲಿಕೊಂಡು, ಅತ್ತಿತ್ತ ನೋಡಿಕೊಂಡು ಬಂತು. ನಮ್ಮ ಅತ್ತೆಯೂ ಹಿಡಿಯಬಹುದಾದ ಚೆಂಡು. ವೈಜು ಬಗ್ಗಿದಳು. ಚೆಂಡು ಅವಳ ಎರಡು ಕೈಗಳ ನಡುವೆ, ಎರಡು ಕಾಲುಗಳ ನಡುವೆ ನುಸುಳಿ ಹಿಂದಕ್ಕೆ ಹೋಯಿತು. ನೂಲಿನವರು ಕೇಕೆ ಹಾಕಿದರು.

ನನಗೆ ರೇಗಿತು. ನಾಲ್ಕು ವರ್ಷ ಕಾದು ನೋಡಿದ ಮೊದಲ ಚೆಂಡು ಇದು. "ಅದೇನೇ ಅದು? ಪೆನಾಲ್ಟಿ ಹಿಡಿದವಳು, ಮುಖ ಕೊಟ್ಟು ತಡೆದವಳು, ಈ ತೇಲಿ ಬರೋ ಚೆಂಡನ್ನ ಬಿಟ್ಟೆಯಲ್ಲೇ. ಕಣ್ಣೆಲ್ಲಿತ್ತು ನಿಂಗೆ?" ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಮುಖ ಕೆಂಪಾಗಿತ್ತು.

"ನೀನು ನೋಡ್ತಿದ್ದೆಯಲ್ಲಮ್ಮ," ಎಂದಳು.

ನೀರು ತುಳಿಯುತ್ತ ಹೋಗಿ ಗೋಲಿನ ಹಿಂದೆ ತೇಲುತ್ತಿದ್ದ ಚೆಂಡನ್ನು ಎತ್ತಿಕೊಂಡು ಬಂದು ದಸ್ತಗೀರನ ಕಡೆಗೆ ಎಸೆದೆ. "ಇನ್ನೊಂದು ಹೊಡಿಯಪ್ಪ," ಎಂದೆ. ಆಮೇಲೆ ಅಲ್ಲೇ, ಬಿದಿರಿನ ಪಕ್ಕದಲ್ಲಿ, ಕತ್ತಲಾಗಿ ಚೆಂಡು ಕಾಣದಂತಾಗುವವರೆಗೂ ನಿಂತಿದ್ದೆ.